ಅಟ್ಟದ ಮೇಲಿದ್ದ ಸೇನೆ

ಅಟ್ಟದ ಮೇಲಿದ್ದ ಆ ಪೆಟ್ಟಿಗೆ ಇಳಿಸಿದ್ದು ನಾನಲ್ಲ, ನನ್ನ ಮಗಳು. 2024ರ ದಸರಾ ರಜೆಗೆ ಊರಿಗೆ ಹೋಗಿದ್ದೆವು. ಅಮ್ಮನಿಗೆ ಹಳೇ ಹಂಡೆ ಬೇಕಿತ್ತು. ಏಣಿ ಹತ್ತಿದ ಮಗಳು ಹಂಡೆಯ ಹಿಂದೆ ಹಗ್ಗ ಕಟ್ಟಿದ್ದ ರಟ್ಟಿನ ಪೆಟ್ಟಿಗೆ ಅಲ್ಲಾಡಿಸಿ, "ಅಪ್ಪಾ, ಇದರೊಳಗೆ ಏನೋ ಗಲಗಲ ಅಂತಿದೆ" ಎಂದು ಕೂಗಿದಳು.

ನನ್ನ ಎದೆ ಧಸಕ್ಕೆಂದಿತು. ಅದರಲ್ಲಿ ಏನಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಹದಿಮೂರು ವರ್ಷದ ಹಿಂದೆ ಅದನ್ನು ಹಂಡೆಯ ಹಿಂದೆ ತಳ್ಳಿದ್ದೇ ಯಾರ ಕಣ್ಣಿಗೂ ಬೀಳಬಾರದೆಂದು.

ಜಗಲಿಯ ಮೇಲೆ ಬಿಚ್ಚಿದೆವು. ರಟ್ಟಿನ ತಳವನ್ನು ಗೆದ್ದಲು ತಿಂದಿತ್ತು. ಸುತ್ತಿಟ್ಟಿದ್ದ ಸ್ಪಂಜನ್ನು ಇಲಿ ಕಡಿದು ಗೂಡು ಮಾಡಿ ಬಿಟ್ಟುಹೋಗಿತ್ತು. ಅದರ ನಡುವೆ ನನ್ನ ಸೇನೆ. 74 ಜನ, 8 ಕುದುರೆ, 1 ಫಿರಂಗಿ. ಒಬ್ಬೊಬ್ಬ ಸೈನಿಕನೂ ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಕೆಲವರಿಗೆ ಕೈ ಇಲ್ಲ, ಕೆಲವರ ಈಟಿ ಬಾಗಿದೆ. ಹದಿನಾಲ್ಕು ಜನ ಇನ್ನೂ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ತಲೆ ಬೇರೆ, ಕಾಲು ಬೇರೆಯಾಗಿ ಅಂಟಿಕೊಂಡಿದ್ದಾರೆ.

ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ ಬಗ್ಗಿ ನೋಡಿ, "ಏನ್ಲಾ ಇದು, ದಸರಾ ಗೊಂಬೇನಾ?" ಅಂದ.

"ಹೂಂ, ಅಂಥದ್ದೇ" ಅಂದೆ. ಅದು ಸುಳ್ಳು.

ಇದೇನು ಅಂತ ನಿಮಗೆ ಮೊದಲು ಹೇಳಿಬಿಡುತ್ತೇನೆ. ಇದೊಂದು ಆಟ. ಚೌಕಾಬಾರ ಆಡಿದವರಿಗೆ ಅರ್ಧ ಆಗಲೇ ಗೊತ್ತಿದೆ. ಕಾಯಿ ಉಂಟು, ದಾಳ ಉಂಟು, ಎದುರಾಳಿ ಉಂಟು. ಆದರೆ ಮನೆಗಳಿಲ್ಲ. ಆರಡಿ ಉದ್ದ ನಾಲ್ಕಡಿ ಅಗಲದ ಮೇಜಿನ ಮೇಲೆ ಗುಡ್ಡ, ಬೇಲಿ, ಮನೆ ಇಟ್ಟು ಎರಡು ಕಡೆ ಸೇನೆ ನಿಲ್ಲಿಸುತ್ತಾರೆ. ಯಾರು ಎಷ್ಟು ದೂರ ನಡೆಯಬಹುದು ಎಂಬುದನ್ನು ಟೇಪು ಹಿಡಿದು ಇಂಚಿನಲ್ಲಿ ಅಳೆಯುತ್ತಾರೆ. ಬಾಣ ತಾಗಿತೋ ಇಲ್ಲವೋ ಎಂಬುದು ದಾಳದ ಕೈಯಲ್ಲಿ. ಪೆಟ್ಟು ತಿಂದ ಗುಂಪು ನಿಲ್ಲುತ್ತದೋ ಓಡುತ್ತದೋ, ಅದಕ್ಕೂ ದಾಳ. ಬಣ್ಣ ಬಳಿದ ಬೊಂಬೆಗಳು ಬರೀ ಕಾಯಿಗಳಲ್ಲ. ಅವನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದೇ ಅರ್ಧ ಆಟ.

ಹಳೆಯ ಆಟ ಇದು. 1824ರ ಹೊತ್ತಿಗೆ ಪ್ರಷ್ಯಾ ದೇಶದ ಸೈನ್ಯಾಧಿಕಾರಿಗಳು ನಕ್ಷೆಯ ಮೇಲೆ ಕಾಯಿ ನಡೆಸಿ ಯುದ್ಧ ಕಲಿಯುತ್ತಿದ್ದರು. 1913ರಲ್ಲಿ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ, ನೆಲದ ಮೇಲೆ ಆಟಿಕೆ ಸೈನಿಕರನ್ನು ನಿಲ್ಲಿಸಿ ಸ್ಪ್ರಿಂಗ್ ಫಿರಂಗಿಯಿಂದ ಮರದ ಗುಂಡು ಹೊಡೆಯುವ ಆಟಕ್ಕೆ ನಿಯಮ ಬರೆದ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ವಾಸಿ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ನನ್ನ ಸೇನೆ ಸೇರಿದ ಆಟದ ಹೆಸರು ವಾರ್‌ಹ್ಯಾಮರ್. 1983ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅದನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ನಾಟಿಂಗ್‌ಹ್ಯಾಮ್ ಎಂಬ ಊರಿನಲ್ಲಿದೆ.

ಶಿರಾ ಕಡೆಯ ಶೇಂಗಾ ಬೆಳೆಯುವ ಊರಿನವನು ನಾಟಿಂಗ್‌ಹ್ಯಾಮಿಗೆ ಹೋದದ್ದು ಹೇಗೆ? ಪತ್ರಿಕೋದ್ಯಮ ಓದಿ ಮುಗಿಸಿದಾಗ ನನಗೆ ಸಿಕ್ಕಿದ್ದು ವರದಿಗಾರಿಕೆ ಅಲ್ಲ. ಬೆಂಗಳೂರಿನಲ್ಲಿ ಕೂತು ರಾತ್ರಿ ಪಾಳಿಯಲ್ಲಿ ಇಂಗ್ಲೆಂಡಿನ ಪತ್ರಿಕೆಗಳಿಗೆ ಪುಟ ಕಟ್ಟುವ ಕೆಲಸ. 2010ರಲ್ಲಿ ಒಂಬತ್ತು ತಿಂಗಳು ಅಲ್ಲಿಗೇ ಕಳಿಸಿದರು. ಚಳಿ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಮಾತಾಡಲು ಯಾರೂ ಇಲ್ಲ. ಒಂದು ಶನಿವಾರ ಮಳೆಗೆ ನಿಲ್ಲಲು ಒಂದು ಹಾಲ್‌ನೊಳಗೆ ಹೋದೆ. ನಮ್ಮ ಕಡೆಯ ಸಮುದಾಯ ಭವನದ ಹಾಗಿತ್ತು. ಒಳಗೆ ಇಪ್ಪತ್ತು ಮಂದಿ ದೊಡ್ಡವರು ಬೊಂಬೆ ಹಿಡಿದು ಆಡುತ್ತಿದ್ದರು. ಬಸ್ ಡ್ರೈವರ್ ಇದ್ದ, ಮೇಷ್ಟ್ರು ಇದ್ದರು, ಕೆಲಸ ಕಳೆದುಕೊಂಡವರೂ ಇದ್ದರು. ಒಬ್ಬ ಮುದುಕ ಕುರ್ಚಿ ಎಳೆದು ಕೂರಿಸಿ, ನನ್ನ ಕೈಗೆ ದಾಳ ಕೊಟ್ಟ. ಆ ದೇಶದಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಗೆ ನನ್ನನ್ನು ಕರೆದ ಮೊದಲ ಮನುಷ್ಯ ಅವನು.

ನಾನು ಆರಿಸಿಕೊಂಡದ್ದು 'ಎಂಪೈರ್' ಎಂಬ ಸೇನೆ. ಆ ಲೋಕದಲ್ಲಿ ರಾಕ್ಷಸರಿದ್ದಾರೆ, ಎದ್ದು ಬರುವ ಹೆಣಗಳಿವೆ, ನಿಂತು ನಡೆಯುವ ಇಲಿಗಳಿವೆ. ಅವರ ನಡುವೆ ಈಟಿ ಹಿಡಿದು ನಿಲ್ಲುವ ಬರೀ ಮನುಷ್ಯರು ಇವರು. ವಿಶೇಷ ಶಕ್ತಿ ಏನೂ ಇಲ್ಲ. ಒಬ್ಬನೇ ಇದ್ದರೆ ಸಾಯುತ್ತಾನೆ, ಸಾಲಿನಲ್ಲಿದ್ದರೆ ನಿಲ್ಲುತ್ತಾನೆ. ಅದಕ್ಕೇ ಇಷ್ಟವಾಯಿತು.

ಒಂಬತ್ತು ತಿಂಗಳಲ್ಲಿ ಸುಮಾರು 300 ಪೌಂಡ್ ಖರ್ಚು ಮಾಡಿದೆ. ಆಗ ಪೌಂಡಿಗೆ 70 ರೂಪಾಯಿ ಆಸುಪಾಸು. ಅಂದರೆ 21 ಸಾವಿರ.

ಈಗ ಹೇಳಬೇಕಾದ ಮಾತು. ಅದೇ ವರ್ಷ ನವೆಂಬರ್‌ನಲ್ಲಿ ಅಪ್ಪ ಫೋನ್ ಮಾಡಿದ್ದ. ಮೊದಲ ಬೋರ್ ಬತ್ತಿತ್ತು. ಎರಡನೇದು ಹೊಡೆಸಬೇಕು, ಒಂದಿಪ್ಪತ್ತು ಸಾವಿರ ಆಗುತ್ತಾ ಅಂತ ಕೇಳಿದ. "ಈ ತಿಂಗಳು ಆಗಲ್ಲಪ್ಪ, ಇಲ್ಲಿ ಬಾಡಿಗೆ ಊಟಕ್ಕೇ ಸರಿಹೋಗುತ್ತೆ" ಅಂದೆ. ಫೋನ್ ಇಟ್ಟಾಗ ಮೇಜಿನ ಮೇಲೆ ಕುದುರೆ ಸವಾರರ ಹೊಸ ಪೆಟ್ಟಿಗೆ ಇತ್ತು. ಆ ರಾತ್ರಿ ಎಂಟು ಕುದುರೆಗೆ ತಲೆ ಅಂಟಿಸಿದೆ. ಊರಿನಲ್ಲಿ ಅಪ್ಪ ಕರೆಯುವ ಎಮ್ಮೆ ಮಾರಿ, ಉಳಿದದ್ದು ಬಡ್ಡಿಗೆ ತಂದು ಬೋರ್ ಹೊಡೆಸಿದ. 620 ಅಡಿ. ಬಂದದ್ದು ಬರೀ ಪುಡಿ.

ವಾಪಸ್ ಬಂದ ಮೇಲೆ ಆ ಪೆಟ್ಟಿಗೆ ನೋಡಿದಾಗೆಲ್ಲ ಎಮ್ಮೆ ನೆನಪಾಗುತ್ತಿತ್ತು. ಬೆಂಗಳೂರಿನ ರೂಮಿನಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ, ಎಸೆಯಲೂ ಮನಸ್ಸಾಗಲಿಲ್ಲ. 2011ರಲ್ಲಿ ಊರಿಗೆ ತಂದು ಹಂಡೆಯ ಹಿಂದೆ ತಳ್ಳಿದೆ.

ನಾನು ಮರೆತಿದ್ದ ಹದಿಮೂರು ವರ್ಷದಲ್ಲಿ ಆ ಆಟವೂ ಸತ್ತು ಹುಟ್ಟಿತ್ತು. 2015ರಲ್ಲಿ ಕಂಪನಿ ಆ ಕಥೆಯ ಲೋಕವನ್ನೇ ನಾಶ ಮಾಡಿ, ಬೇರೆ ಲೋಕ, ಬೇರೆ ಆಟ ತಂದಿತು. ಸೈನಿಕರ ಕಾಲಡಿಯ ಚೌಕ ಪೀಠ ಹೋಗಿ ದುಂಡು ಪೀಠ ಬಂತು. ಸಾಲುಗಟ್ಟಿ ನಿಲ್ಲುವುದೇ ಹೋಯಿತು. ಹಳಬರಿಗೆ ಎಷ್ಟು ಸಿಟ್ಟು ಬಂತೆಂದರೆ, ಒಬ್ಬಾತ ತನ್ನ ಸೇನೆಗೆ ಬೆಂಕಿ ಹಚ್ಚಿ ವಿಡಿಯೊ ಹಾಕಿದ್ದ. ಆಮೇಲೆ 2024ರ ಜನವರಿಯಲ್ಲಿ ಅದೇ ಕಂಪನಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ಹಳೇ ಲೋಕವನ್ನು ವಾಪಸ್ ತಂದಿತು. ಲೋಕ ನಾಶವಾಗುವುದಕ್ಕಿಂತ ಬಹಳ ಹಿಂದಿನ ಕಾಲದ ಕಥೆ ಮಾಡಿಕೊಂಡು. ಚೌಕ ಪೀಠ ಮತ್ತೆ ಬಂತು, ಸಾಲೂ ಬಂತು. ಆದರೆ ಅಳತೆ ಬದಲಾಗಿತ್ತು. ನನ್ನ ಕಾಲಾಳುಗಳು ನಿಂತಿದ್ದದ್ದು 20 ಮಿಲಿಮೀಟರ್ ಚೌಕದ ಮೇಲೆ. ಈಗ 25 ಬೇಕು. ಕುದುರೆ ಸವಾರರಿಗೆ 25ಕ್ಕೆ 50 ಇದ್ದದ್ದು 30ಕ್ಕೆ 60 ಆಗಿದೆ.

ಐದು ಮಿಲಿಮೀಟರ್ ಯಾವ ಮಹಾ ಅನ್ನಬೇಡಿ. ಐದೈದು ಜನರ ನಾಲ್ಕು ಸಾಲು ನಿಲ್ಲಿಸಿದರೆ ಮೊದಲು ಗುಂಪಿನ ಅಗಲ 10 ಸೆಂಟಿಮೀಟರ್, ಈಗ 12.5. ಎದುರಿಗೆ ಎಷ್ಟು ಜನ ತಾಗುತ್ತಾರೆ, ತಿರುಗಲು ಎಷ್ಟು ಜಾಗ ಬೇಕು, ಎಲ್ಲ ಲೆಕ್ಕವೂ ಅದರ ಮೇಲೆ ನಿಂತಿದೆ. ಹೊಸ ನಿಯಮದಲ್ಲಿ ಬೇರೆಯವರ ಜೊತೆ ಆಡಬೇಕೆಂದರೆ ಅಳತೆ ಸರಿಹೋಗಬೇಕು.

ಇದನ್ನೆಲ್ಲ ಆ ರಜೆಯಲ್ಲಿ ಫೋನಿನಲ್ಲಿ ಓದಿ ತಿಳಿದುಕೊಂಡೆ. ಓದಿದ್ದು ಮಗಳ ಹಟಕ್ಕೆ. "ಇವರಿಗೆ ಕೈ ಅಂಟಿಸೋಣ" ಎಂದು ಕೂತುಬಿಟ್ಟಿದ್ದಳು.

ಮೊದಲ ಕೆಲಸ ಬಣ್ಣ ತೆಗೆಯುವುದು. 2010ರಲ್ಲಿ ನನಗೆ ಬಣ್ಣ ಹಚ್ಚಲು ಬರುತ್ತಿರಲಿಲ್ಲ. ಗೋಡೆಗೆ ಬಳಿದ ಹಾಗೆ ದಪ್ಪಗೆ ಬಳಿದಿದ್ದೆ. ಮುಖದಲ್ಲಿ ಮೂಗೇ ಕಾಣುತ್ತಿರಲಿಲ್ಲ. ಇದಕ್ಕೆ ಇಂಗ್ಲೆಂಡಿನ ಆಟಗಾರರು ಹಿಂದಿನಿಂದ ಬಳಸುವ ಔಷಧಿ ನಮ್ಮೂರ ಅಂಗಡಿಯಲ್ಲೇ ಸಿಗುತ್ತದೆ. ಡೆಟಾಲ್! ನೀರು ಬೆರೆಸದ ಡೆಟಾಲ್‌ನಲ್ಲಿ ಬೊಂಬೆಗಳನ್ನು ಒಂದು ದಿನ ನೆನೆಹಾಕಿ, ಕೈಗೆ ಗ್ಲೌಸ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಡೆಟಾಲ್‌ನಲ್ಲೇ ಉಜ್ಜಬೇಕು. ಬಣ್ಣ ಸಿಪ್ಪೆ ಸುಲಿದಂತೆ ಬರುತ್ತದೆ. ಒಂದೇ ಎಚ್ಚರಿಕೆ: ಬಣ್ಣ ಪೂರ್ತಿ ಬಿಡುವ ಮುಂಚೆ ನೀರು ತಾಗಿಸಬಾರದು. ತಾಗಿಸಿದರೆ ಬಿಟ್ಟ ಬಣ್ಣವೆಲ್ಲ ಅಂಟಾಗಿ ಬೊಂಬೆಗೇ ಮೆತ್ತಿಕೊಳ್ಳುತ್ತದೆ. ನಾನು ಮೊದಲ ಐದು ಜನರನ್ನು ಹಾಗೆ ಕೆಡಿಸಿಯೇ ಕಲಿತದ್ದು.

ಮನೆಯೆಲ್ಲ ಆಸ್ಪತ್ರೆ ವಾಸನೆ. ಹೊಲದಿಂದ ಬಂದ ಅಮ್ಮ ಬಾಗಿಲಲ್ಲೇ ಗಾಬರಿಯಾಗಿ "ಯಾರಿಗೇನಾಯ್ತೋ?" ಅಂದಳು.

ಬಾಗಿದ ಈಟಿ ನೆಟ್ಟಗೆ ಮಾಡುವುದು ಎರಡನೇ ಕೆಲಸ. ಬೇಸಿಗೆಯ ಶೀಟಿನ ಕಾವಿಗೋ, ಒಂದರ ಮೇಲೊಂದು ಬಿದ್ದ ಭಾರಕ್ಕೋ, ಸಣ್ಣ ಪ್ಲಾಸ್ಟಿಕ್ ಈಟಿಗಳು ಬಿಲ್ಲಿನಂತಾಗಿದ್ದವು. ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಹಿಡಿದು, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ. ಅಪ್ಪ ದೂರದಿಂದ ನೋಡಿ, "ಬಿದಿರಿನ ಕೋಲು ಬೆಂಕೀಗೆ ಹಿಡಿದು ಸರಿ ಮಾಡ್ತೀವಲ್ಲ, ಅಂಗೇ" ಅಂದ. ಹತ್ತಿರ ಬಂದು ಕೂತ.

ಮುರಿದ ಕೈಗಳದ್ದು ಬೇರೆ ಕಥೆ. ಫೆವಿಕ್ವಿಕ್‌ನಂಥ ಅಂಟು ಬೇಗ ಹಿಡಿಯುತ್ತದೆ. ಆದರೆ ಗಾಜಿನಂತೆ ಗಡುಸು, ಬಿದ್ದರೆ ಬಿಟ್ಟುಬಿಡುತ್ತದೆ. ಪ್ಲಾಸ್ಟಿಕ್ಕಿನವು ಹಗುರ, ಅಂಟಷ್ಟೇ ಸಾಕು. ಲೋಹದ ಬೊಂಬೆಗೆ ಸಾಲದು. ನಾಟಿಂಗ್‌ಹ್ಯಾಮಿನ ಆ ಮುದುಕ ಹೊರಡುವ ದಿನ ನನಗೊಬ್ಬ ಲೋಹದ ಮಂತ್ರವಾದಿಯನ್ನು ಕೊಟ್ಟಿದ್ದ. ಅವನ ತೋಳು ಕಳಚಿತ್ತು. ಎರಡೂ ಕಡೆ ಸೂಜಿಯಷ್ಟು ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತುಂಡು ಇಟ್ಟು ಅಂಟಿಸಿದೆ. ಅವನ ಬಣ್ಣ ಮಾತ್ರ ತೆಗೆಯಲಿಲ್ಲ. ಅದು ಆ ಮುದುಕನೇ ಹಚ್ಚಿದ್ದು. ನೀಲಿ ನಿಲುವಂಗಿ ಮಾಸಿದೆ, ಇರಲಿ.

ಉಳಿದದ್ದು ಪೀಠ. ಕಿತ್ತು ದೊಡ್ಡದು ಹಾಕಬಹುದು. ಆದರೆ ಕೀಳುವಾಗ ಕಾಲು ಮುರಿಯುತ್ತದೆ. ಜನ ಇನ್ನೊಂದು ದಾರಿ ಮಾಡಿಕೊಂಡಿದ್ದಾರೆ. ಸೈನಿಕರನ್ನು ಮುಟ್ಟುವುದೇ ಬೇಡ. ಅವರನ್ನು ನಿಲ್ಲಿಸುವ ತಟ್ಟೆಯನ್ನೇ ಹೊಸ ಅಳತೆಗೆ ಮಾಡಿ, ಒಬ್ಬೊಬ್ಬರ ನಡುವೆ 5 ಮಿಲಿಮೀಟರ್ ಜಾಗ ಬಿಟ್ಟರಾಯಿತು. ತಟ್ಟೆಯಲ್ಲಿಟ್ಟರೆ ಹೊಸ ಆಟ, ತೆಗೆದರೆ ಹಳೇ ಆಟ. ನನ್ನ 2010ರ ನಿಯಮ ಪುಸ್ತಕ, 500ಕ್ಕೂ ಹೆಚ್ಚು ಪುಟದ್ದು, ಗೆದ್ದಲು ತಿಂದು ಉಳಿದಷ್ಟು ಇನ್ನೂ ಇದೆ. ಅದನ್ನೇ ಇಟ್ಟುಕೊಂಡು ಆಡಿದರೂ ಯಾರೂ ಬೇಡ ಅನ್ನುವುದಿಲ್ಲ.

ಇದನ್ನು ಅಪ್ಪನಿಗೆ ವಿವರಿಸಿದೆ. "ಪೈರು ನಾಟಿ ಮಾಡ್ದಂಗೆ. ಸಾಲಿಂದ ಸಾಲಿಗೆ ಅಂತರ" ಅಂದ. ಹಳೇ ಟೀವಿ ಸ್ಟ್ಯಾಂಡಿನ ಪ್ಲೈವುಡ್ ಕುಯ್ದ. ಬಿದಿರ ದಬ್ಬೆಯನ್ನು ಸೀಳಿ, ಕತ್ತಿಯಿಂದ ಹೆರೆದು, ಮಗಳ ಸ್ಕೇಲಿನಲ್ಲಿ ಐದೈದು ಮಿಲಿಮೀಟರ್ ಅಳೆದು ಅಡ್ಡ ಉದ್ದ ಅಂಟಿಸಿದ. ಗುದ್ದಲಿ ಕಾವು, ಕುಡುಗೋಲು ಹಿಡಿ ತಾನೇ ಮಾಡಿಕೊಂಡವನ ಕೈ ಅದು. ನಾಲ್ಕು ತಟ್ಟೆ ಆಯಿತು, ಒಂದೂ ಅಲ್ಲಾಡಲಿಲ್ಲ.

ಮೂರನೇ ತಟ್ಟೆ ಮಾಡುವಾಗ ಕೇಳಿದ, "ಇವುಕ್ಕೆಲ್ಲ ಎಷ್ಟು ಕೊಟ್ಟೆ?"

ಯಾರೋ ಕೊಟ್ಟರು ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು. ಮಗಳು ಪಕ್ಕದಲ್ಲಿ ಕೂತಿದ್ದಳು.

"ಇಪ್ಪತ್ತೊಂದು ಸಾವಿರ."

"ಯಾವಾಗ?"

"ಎರಡ್ನೇ ಬೋರ್ ಹೊಡ್ಸಿದ್ಯಲ್ಲ, ಆ ವರ್ಷ."

ಅಪ್ಪ ಏನೂ ಅನ್ನಲಿಲ್ಲ. ದಬ್ಬೆ ಹೆರೆಯುತ್ತಲೇ ಇದ್ದ. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಹಿಡಿದೇ ಬಾಗಿಲಿಗೆ ಬಂದಳು. ಬೊಂಬೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಆ ವರ್ಷ ಎಮ್ಮೆ ಮಾರಿದ್ವಿ" ಅಂದಳು. ಅಷ್ಟೇ. ಒಳಗೆ ಹೋದಳು.

ಆ ರಾತ್ರಿ ನಾನು ಊಟಕ್ಕೆ ಕೂತದ್ದು ಹೇಗೆ ಎಂದು ಬರೆಯುವುದಿಲ್ಲ.

ಮರುದಿನ ಪೆಟ್ಟಿಗೆ ಕಟ್ಟಿ ಮೇಲಿಟ್ಟುಬಿಡೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಜಗಲಿಯಲ್ಲಿ ನಾಲ್ಕನೇ ತಟ್ಟೆಗೆ ದಬ್ಬೆ ಅಂಟಿಸುತ್ತಿದ್ದ. ತಲೆ ಎತ್ತದೆ, "ಕೊಟ್ಟಿದ್ರೂ ಆ ತೂತಿಗೇ ಹೋಗೋದು ಬಿಡು. ನೀರೇನು ಬರ್ತಿತ್ತಾ? ಇವಾದ್ರೂ ನಿಂತವೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅವತ್ತೇ ಹೇಳ್ಬೇಕಿತ್ತು ಕಣೋ" ಅಂದ.

ಇನ್ನೊಂದು ಕೆಲಸ ಉಳಿದಿತ್ತು. ಪೀಠದ ಮೇಲೆ ನೆಲ ಮಾಡಬೇಕು. ಫೆವಿಕಾಲ್ ಬಳಿದು ಸಣ್ಣ ಮರಳು ಉದುರಿಸುವುದು ಕ್ರಮ. ನಾಟಿಂಗ್‌ಹ್ಯಾಮಿನಲ್ಲಿ ನಾನು ಮರಳನ್ನು ಡಬ್ಬಿಯಲ್ಲಿ ದುಡ್ಡು ಕೊಟ್ಟು ತಂದಿದ್ದೆ. ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ಜೋರಾಗಿ ನಕ್ಕ. ಆಮೇಲೆ ಅಂದ, "ಹೊಂಗೆ ಮರದ ಹತ್ರ ಬೋರ್ ಪುಡಿ ಐತಲ್ಲ. ಜರಡಿ ಹಿಡಿ, ಸಣ್ಣಕ್ಕೆ ಸಿಗ್ತದೆ."

ಮಗಳ ಜೊತೆ ಹೋದೆ. ಕೇಸಿಂಗ್ ಪೈಪಿನ ಬಾಯಿಗೆ ಕಲ್ಲು ಮುಚ್ಚಿತ್ತು. ಆ ಕಲ್ಲನ್ನು ಮೊದಲು ಮುಟ್ಟಿ ಗಟ್ಟಿ ಇದೆಯಾ ನೋಡಿಕೊಂಡೇ ಮಗಳನ್ನು ಹತ್ತಿರ ಬಿಟ್ಟೆ. 620 ಅಡಿ ಆಳದಿಂದ ಬಂದ ಬೂದು ಪುಡಿಯ ಗುಡ್ಡೆ ಮಳೆಗೆ ಕರಗಿ ಮಂಡಿಯಷ್ಟೂ ಉಳಿದಿರಲಿಲ್ಲ. ಮೇಲೆ ಗರಿಕೆ ಬೆಳೆದಿತ್ತು. ಒಂದು ಬೋಸಿ ತುಂಬ ತಂದು ಜರಡಿ ಹಿಡಿದೆವು. ಅಂಗಡಿಯ ಮರಳಿಗಿಂತ ಸಣ್ಣಗೆ, ಚೂಪಾಗಿ, ಚೆನ್ನಾಗಿ ಕೂತಿತು. ಈಗ ನನ್ನ ಸೇನೆ ಅದರ ಮೇಲೆ ನಿಂತಿದೆ.

ಬಣ್ಣಕ್ಕೆ ತಡವಾಯಿತು. ಮಳೆಯ ತೇವದಲ್ಲಿ ಸ್ಪ್ರೇ ಹೊಡೆದರೆ ಮೈಮೇಲೆ ಹಿಟ್ಟು ಉದುರಿಸಿದಂತಾಗುತ್ತದೆ. ನವೆಂಬರ್ ಬಿಸಿಲಿಗೆ ಕಾದೆವು. ಹಳೇ ಬಣ್ಣದ ಡಬ್ಬಿಗಳು ಒಳಗೇ ಕಲ್ಲಾಗಿದ್ದವು, ಐದು ಹೊಸದು ತಂದೆ. ಬೆಲೆಯನ್ನು ಈ ಸಲ ಮನೆಯಲ್ಲಿ ಹೇಳಿದೆ. ತೆಳ್ಳಗೆ ಎರಡು ಸಲ ಹಚ್ಚುವುದು ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ಮೇಲು ಎಂದು ಮಗಳಿಗೆ ಹೇಳಿಕೊಟ್ಟೆ. ಈಟಿಯವರ ಅಂಗಿ ಯಾವ ಬಣ್ಣ ಅಂತ ಅವಳೇ ತೀರ್ಮಾನಿಸಿದಳು. ಅರ್ಧ ಹಳದಿ, ಅರ್ಧ ಕೆಂಪು. ಕುದುರೆ ಸವಾರರನ್ನು ಮಾತ್ರ ನಾನು ಡೆಟಾಲ್‌ಗೆ ಹಾಕಲಿಲ್ಲ. ಆ ನವೆಂಬರ್ ರಾತ್ರಿ ಅಂಟಿಸಿದ ಎಂಟು ಜನ. ಒಂದು ಕುದುರೆಯ ತಲೆ ಸೊಟ್ಟಗಿದೆ, ಅಂಟು ಸುರಿದು ಕುತ್ತಿಗೆಯಲ್ಲಿ ಗಂಟಾಗಿದೆ. ಅವರು ಹಾಗೇ ಇರಲಿ ಅನ್ನಿಸಿತು. ಎಲ್ಲವನ್ನೂ ಹೊಸದು ಮಾಡಿಬಿಟ್ಟರೆ ಇದು ನಿನ್ನೆ ಮೊನ್ನೆ ತಂದ ಸೇನೆಯಾಗುತ್ತದೆ.

ಸಂಕ್ರಾಂತಿಗೆ ಮೊದಲ ಆಟ ಆಡಿದೆವು. ಎದುರಾಳಿಯ ಸೇನೆ ಇಲ್ಲದ್ದರಿಂದ ನಮ್ಮದನ್ನೇ ಎರಡು ಪಾಲು ಮಾಡಿದೆವು. ಜಗಲಿಯ ಕೆಂಪು ನೆಲವೇ ರಣರಂಗ, ಅವರೆಕಾಯಿ ಸಿಪ್ಪೆಯ ಗುಡ್ಡೆಯೇ ಬೆಟ್ಟ. ಅಪ್ಪ ಮಗಳ ಹಿಂದೆ ಕೂತು "ಬಲಗಡೆ ನಿಮ್ಮಪ್ಪಂಗೆ ಯಾರೂ ಇಲ್ಲ ನೋಡು" ಎಂದು ಹೇಳಿಕೊಟ್ಟ. ಅವಳು ಕುದುರೆಗಳನ್ನು ಸುತ್ತಿಸಿ ತಂದು ನನ್ನ ಈಟಿಯವರ ಪಕ್ಕೆಗೆ ನುಗ್ಗಿಸಿದಳು. ಮುಂದೆ ಎಷ್ಟೇ ಗಟ್ಟಿ ಇದ್ದರೂ ಪಕ್ಕೆಗೆ ಬಿದ್ದರೆ ಸಾಲಿನ ಬಲ ಹೋಗುತ್ತದೆ. ನಿಲ್ಲಬೇಕಾದರೆ ಎರಡು ದಾಳ ಸೇರಿ ಕಡಿಮೆ ಬೀಳಬೇಕಿತ್ತು. ಹನ್ನೊಂದು ಬಿತ್ತು. ಇಪ್ಪತ್ತು ಜನವೂ ಓಡಿದರು. ಸೊಟ್ಟ ತಲೆಯ ಕುದುರೆಯೇ ಮುಂದಿತ್ತು.

ಬೆಂಗಳೂರಿನಲ್ಲಿ ಈ ಆಟ ಆಡುವವರಿದ್ದಾರೆ. ಒಂದು ಭಾನುವಾರ ಅಪ್ಪನ ಬಿದಿರ ತಟ್ಟೆ ಹೊತ್ತುಕೊಂಡು ಹೋಗಬೇಕು. ಚೌಕಟ್ಟಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಆರು ಮಂದಿಗೆ ಕಾಲು ಬಂದಿದೆ, ಎಂಟು ಬಾಕಿ.

ಅಮ್ಮ ಇನ್ನೂ ಆ ಬೊಂಬೆಗಳನ್ನು ಮುಟ್ಟಿಲ್ಲ. ಒಳಮನೆಗೆ ತರಬೇಡ ಅಂತಾಳೆ. ಅದಕ್ಕೆ ನಾನು ಎದುರು ಮಾತಾಡಿಲ್ಲ. ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೂ ಹಾಕಿಲ್ಲ. ಜಗಲಿಯ ಗೂಡಿನಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದೇನೆ. ಯಾರಾದರೂ ಬೆಲೆ ಕೇಳಿದರೆ ಅಪ್ಪನೇ ಹೇಳುತ್ತಾನೆ. "ಒಂದು ಎಮ್ಮೆ."